ನಿಮ್ಮ ಫೇವರಿಟ್ ಗೇಮ್ ಮ್ಯೂಸಿಕ್ ಯಾವುದು? ಕಾರಣ ಸಮೇತ ಹೇಳಿ

ಎಂಟುಬಿಟ್_ಮೈಸೂರು
ಟಾಪ್ ಟೆನ್ ಪಟ್ಟಿ ಎಲ್ಲ ಕಡೆ ಸಿಗುತ್ತೆ, ಅದು ಬೇಡ. ನಿಮಗೆ ಇಷ್ಟವಾದ ಒಂದೋ ಎರಡೋ ಗೇಮ್ ಮ್ಯೂಸಿಕ್ ಹೇಳಿ, ಯಾಕೆ ಇಷ್ಟ ಅಂತಲೂ ಹೇಳಿ. ಒಂದೇ ಷರತ್ತು: ಆ ಗೇಮ್ ನೀವೇ ಆಡಿರಬೇಕು. ಯೂಟ್ಯೂಬಲ್ಲಿ ಹಾಡು ಮಾತ್ರ ಕೇಳಿದ್ದು ಲೆಕ್ಕಕ್ಕಿಲ್ಲ.

ಈ ಷರತ್ತು ಯಾಕೆ ಅಂದ್ರೆ, ಸಿನಿಮಾದಲ್ಲಿ ಒಂದು ದೃಶ್ಯ ಎಷ್ಟು ಸೆಕೆಂಡ್ ಓಡುತ್ತೆ ಅಂತ ಸಂಗೀತ ಮಾಡೋರಿಗೆ ಮೊದಲೇ ಗೊತ್ತು. ಗೇಮಲ್ಲಿ ಆಡೋನು ಒಂದು ಬಾಗಿಲ ಮುಂದೆ ಹತ್ತು ನಿಮಿಷ ನಿಂತರೂ ನಿಂತ, ಅರ್ಧ ನಿಮಿಷದಲ್ಲಿ ಸತ್ತರೂ ಸತ್ತ. ಅವನ ಕೈ ಏನು ಮಾಡ್ತಿದೆ ಅಂತ ನೋಡಿಕೊಂಡು ನುಡಿಯೋ ಸಂಗೀತವೇ ನನ್ನ ಪ್ರಕಾರ ದೊಡ್ಡದು. 1978ರ ಸ್ಪೇಸ್ ಇನ್ವೇಡರ್ಸ್ ನೋಡಿ. ಇಳಿಯೋ ನಾಲ್ಕೇ ನಾಲ್ಕು ಮಂದ್ರ ಸ್ವರ, ಅಷ್ಟೇ. ಆದ್ರೆ ಶತ್ರುಗಳು ಕಡಿಮೆಯಾದಷ್ಟೂ ಅವು ವೇಗವಾಗಿ ಇಳಿಯುತ್ವೆ, ಸ್ವರಗಳೂ ಜೊತೆಗೇ ವೇಗ ಆಗುತ್ವೆ. ಎದೆಬಡಿತ ಏರಿಸೋಕೆ ನಾಲ್ಕು ಸ್ವರ ಸಾಕಾಯ್ತು.

ನನ್ನ ಮೊದಲ ಆಯ್ಕೆ ಸೂಪರ್ ಮಾರಿಯೋ ಬ್ರದರ್ಸ್, 1985, ಕೋಜಿ ಕೊಂಡೊ. ನೀರಿನ ಲೆವೆಲ್‌ಗೆ ಮೂರು ಬಡಿತದ ವಾಲ್ಟ್ಸ್ ಹಾಕಿದ್ದಾರೆ, ಯಾಕಂದ್ರೆ ಅಲ್ಲಿ ಮಾರಿಯೋ ಓಡಲ್ಲ, ತೇಲ್ತಾನೆ. ಟೈಮ್ 100ಕ್ಕಿಂತ ಕೆಳಗೆ ಬಂದ್ರೆ ಅದೇ ಟ್ಯೂನ್ ಓಡೋಕೆ ಶುರು ಮಾಡುತ್ತೆ. ಎರಡನೇದು ಶ್ಯಾಡೋ ಆಫ್ ದ ಕೊಲೋಸಸ್, 2005, ಕೋ ಒಟಾನಿ. ಅದರ ಬಗ್ಗೆ ಆಮೇಲೆ ಬರೀತೀನಿ, ನೀವು ಶುರು ಮಾಡಿ.

ಹುಬ್ಳಿ_ಹೈಸ್ಕೋರ್
ಕಾಂಟ್ರಾ! ಬ್ಯಾರೆ ಮಾತ ಇಲ್ಲ.

ಟಿವಿಗೆ ಹಚ್ಚೋ ಗೇಮಿನ ಜೋಡಿ ಬಂದ ಕ್ಯಾಸೆಟ್‌ನ್ಯಾಗ ಮೊದಲನೇ ಗೇಮ್ ಯಾವಾಗಲೂ ಅದ ಇರ್ತಿತ್ತು. ಕಾಡಿನ ಲೆವೆಲ್ ಮ್ಯೂಸಿಕ್ ಶುರುವಾದ ಕೂಡಲೇ ಕೈ ತಾನ ಬಟನ್ ಒತ್ತಾಕ ಶುರು ಮಾಡತದ. ಮೂರನೇ ಲೆವೆಲ್ ಜಲಪಾತ ನೆನಪದ ಏನ್ರೀ? ಮ್ಯಾಲ ಜಿಗಿದು ಜಿಗಿದು ಹೋಗಬೇಕು, ಜೋಡಿದಾರ ಹಿಂದ ಉಳದ್ರ ಸ್ಕ್ರೀನ್ ಮ್ಯಾಲ ಹೋಗಿ ಅಂವ ಸಾಯ್ತಿದ್ದ. ನಮ್ಮಣ್ಣನ ಜೋಡಿ ಎಷ್ಟ ಜಗಳ ಆಗ್ಯಾವ ಅದರ ಸಲುವಾಗಿ. ಆ ಲೆವೆಲ್ ಟ್ಯೂನ್ ಈಗ ಕೇಳಿದ್ರೂ "ಲಗೂನ ಬಾರೋ" ಅಂತ ಒದರಬೇಕು ಅನಸ್ತದ.

ಬೆಣ್ಣೆದೋಸೆ_ಡಿವಿಜಿ
ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಕಾಂಟ್ರಾದಲ್ಲಿ ಬಟನ್ ಈ ಕ್ರಮದಲ್ಲಿ ಒತ್ತಿದ್ರೆ 30 ಲೈಫ್. 🙏

ರಾತ್ರಿಪಾಳಿ
@ಬೆಣ್ಣೆದೋಸೆ_ಡಿವಿಜಿ ಆ ಕೋಡ್ ಹುಟ್ಟಿದ್ದು ಕಾಂಟ್ರಾದಲ್ಲಲ್ಲ. ಕೊನಾಮಿಯ ಗ್ರೇಡಿಯಸ್ ಗೇಮನ್ನ ನಿಂಟೆಂಡೊ ಮಿಷನ್‌ಗೆ ತರೋವಾಗ, 1986ರಲ್ಲಿ, ಕಝುಹಿಸ ಹಶಿಮೊಟೊ ಪರೀಕ್ಷೆ ಮಾಡೋಕೆ ಅಂತ ಹಾಕಿಕೊಂಡಿದ್ದು. ಗೇಮ್ ಕಷ್ಟ ಇತ್ತು, ಕೊನೆವರೆಗೆ ಆಡಿ ನೋಡೋಕೆ ಸುಲಭ ದಾರಿ ಬೇಕಿತ್ತು.

ಶ್ರುತಿಪೆಟ್ಟಿಗೆ
ನನ್ನದು ಟೆಟ್ರಿಸ್. 1989ರ ಗೇಮ್‌ಬಾಯ್ ಆವೃತ್ತಿ. ಆ ಮಟ್ಟು ಕೊರೊಬೈನಿಕಿ ಅನ್ನೋ ರಷ್ಯನ್ ಜನಪದ ಹಾಡು, ಗೇಮ್‌ಬಾಯ್‌ಗೆ ಅಳವಡಿಸಿದ್ದು ಹಿರೊಕಝು ತನಾಕ. ನಾನು ವೀಣೆ ಕಲಿಯೋವಾಗ ಇದನ್ನ ನುಡಿಸಿ ನೋಡಿದೆ. ಪ ರಿ ಗ ಮ ಗ ರಿ ಸ, ಸ ಗ ಪ ಮ ಗ ರಿ. ಸರಳವಾಗಿ ನಠಭೈರವಿ ರಾಗದ ಸ್ವರಗಳು. ನಮ್ಮ ಟೀಚರ್ ಪಕ್ಕದ ಕೋಣೆಯಿಂದ ಬಂದು "ಇದು ಯಾರ ಕೃತಿ ಪುಟ್ಟಿ?" ಅಂತ ಕೇಳಿದ್ರು, ನಿಜವಾಗಲೂ.

ಗಾಂಧಾರ_ಬಸವನಗುಡಿ
ಪೂರ್ತಿ ನಠಭೈರವಿ ಅಲ್ಲ. ಎರಡನೇ ಭಾಗ ನಿಧಾನ ಆಗುತ್ತಲ್ಲ, ಪ ಗ ಮ ರಿ ಗ ಸ ನಿ ರಿ, ಅಲ್ಲಿನ ನಿಷಾದ ಕಾಕಲಿ, ಅಂದ್ರೆ ಎತ್ತರದ ನಿ. ಹಾಗಾಗಿ ಅಲ್ಲಿ ಕೀರವಾಣಿ ರಾಗಕ್ಕೆ ಜಾರಿತು. 20ನೇ ಮೇಳಕರ್ತ ರಾಗದಿಂದ 21ಕ್ಕೆ, ಒಂದೇ ಸ್ವರದ ವ್ಯತ್ಯಾಸ.

ಶ್ರುತಿಪೆಟ್ಟಿಗೆ
@ಗಾಂಧಾರ_ಬಸವನಗುಡಿ ಆ ಭಾಗಕ್ಕೆ ಹೌದು. ಆದರೆ ಮೊದಲ ಭಾಗದಲ್ಲಿ ಮೇಲೆ ಹೋಗಿ "ಮ ಧ ಸ ನಿ ಧ ಪ" ಅಂತ ಇಳಿಯುವಾಗ ಸ್ಪಷ್ಟವಾಗಿ ಕೈಶಿಕಿ ನಿಷಾದ, ತಗ್ಗಿನ ನಿ. ಎಲ್ಲರೂ ಗುನುಗೋದು ಆ ಭಾಗವನ್ನೇ ತಾನೆ.

ವಿದ್ವಾನ್_ಅಲ್ಲ
ಸ್ವರ ಸೇರಿದ ಮಾತ್ರಕ್ಕೆ ರಾಗ ಆಗಲ್ಲ ಸ್ವಾಮಿ. ಗಮಕ ಎಲ್ಲಿ? ಅದು ರಷ್ಯದ ಹಾಡು, ಅವರ ಹಾಡಾಗಿಯೇ ಚೆನ್ನಾಗಿದೆ. ನಮ್ಮ ಮೇಳಕ್ಕೆ ಎಳೆದು ತರೋದು ಯಾಕೆ?

ಶ್ರುತಿಪೆಟ್ಟಿಗೆ
ಎಳೆದು ತರ್ತಿಲ್ಲ, ನನ್ನ ಕಿವಿಗೆ ದಾರಿ ಸಿಕ್ಕಿದ್ದು ಹಾಗೆ. ಕಲಿತ ಸಂಗೀತದ ಮೂಲಕವೇ ಹೊಸದನ್ನ ಕೇಳೋದು ಎಲ್ಲರೂ ಮಾಡೋ ಕೆಲಸ.

ಮಲೆನಾಡ_ಮಳೆ
ಯಾರೂ ಡೇವ್ ಬಗ್ಗೆ ಹೇಳಲಿಲ್ಲ? ನಮ್ಮ ಶಾಲೆ ಕಂಪ್ಯೂಟರ್ ಲ್ಯಾಬಲ್ಲಿ ಡೇಂಜರಸ್ ಡೇವ್ ಒಂದೇ ಗೇಮ್ ಇದ್ದಿದ್ದು. ಅದಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ, ಡಬ್ಬದೊಳಗಿನ ಸ್ಪೀಕರ್ ಒಂದು ಸಲಕ್ಕೆ ಒಂದೇ ಸ್ವರ ಕೂಗ್ತಿತ್ತು. ಕಪ್ ಸಿಕ್ಕಾಗ ಬರೋ ಆ ಸದ್ದು ಕೇಳಿದ್ರೆ ಇಡೀ ಲ್ಯಾಬ್ ತಿರುಗಿ ನೋಡ್ತಿತ್ತು, ಯಾಕಂದ್ರೆ ಕಪ್ ಇಲ್ಲದೆ ಬಾಗಿಲು ತೆರೆಯಲ್ಲ. ಅದೂ ಗೇಮ್ ಮ್ಯೂಸಿಕ್ಕೇ ಅಂತೀನಿ ನಾನು.

ರಾತ್ರಿಪಾಳಿ
ಡೇವ್ ಮಾಡಿದ್ದು ಜಾನ್ ರೊಮೆರೊ. ಮುಂದೆ 1993ರಲ್ಲಿ ಡೂಮ್ ಮಾಡಿದ ತಂಡದಲ್ಲೂ ಅವರೇ. ಅದರ ಸಂಗೀತ ಬಾಬಿ ಪ್ರಿನ್ಸ್. ಡೂಮ್ ನನ್ನ ಫೇವರಿಟ್, ಆದ್ರೆ ಅದರಲ್ಲಿ ಒಂದು ತಕರಾರಿದೆ: ಯಾವ ಡೂಮ್? ಅದರ ಸಂಗೀತ ಮಿಡಿ. ಯಾವ ಸ್ವರ, ಯಾವ ವಾದ್ಯ ಅನ್ನೋ ಸೂಚನೆ ಮಾತ್ರ ಫೈಲಲ್ಲಿ ಇರುತ್ತೆ, ಸದ್ದು ಹುಟ್ಟೋದು ನಿಮ್ಮ ಸೌಂಡ್ ಕಾರ್ಡಲ್ಲಿ. ರೋಲ್ಯಾಂಡ್ ಸೌಂಡ್ ಕ್ಯಾನ್ವಾಸ್ ಅನ್ನೋ ಒಳ್ಳೆ ಸದ್ದಿನ ಯಂತ್ರ ಇದ್ದೋರಿಗೆ ಗಿಟಾರ್ ಗಿಟಾರ್ ಥರಾನೇ ಕೇಳ್ತಿತ್ತು. ನಮ್ಮಂಥೋರ ಮನೇಲಿ ಸದ್ದನ್ನ ಕೃತಕವಾಗಿ ಹುಟ್ಟಿಸೋ ಎಫ್‌ಎಂ ಚಿಪ್, ಗಿಟಾರ್ ಜಾಗದಲ್ಲಿ ಗರಗಸದ ಸದ್ದು. ನಾನು ಆಮೇಲೆ ರೋಲ್ಯಾಂಡ್ ರೆಕಾರ್ಡಿಂಗ್ ಕೇಳಿದೆ, ಚೆನ್ನಾಗಿದೆ, ಆದ್ರೆ ನನ್ನ ಡೂಮ್ ಎಫ್‌ಎಂ ಚಿಪ್ಪಿನದೇ.

ಕೋರಮಂಗಲ_ಕನ್ಸೋಲ್
ನೀವೆಲ್ಲ ಹಳೇದರಲ್ಲೇ ನಿಂತುಬಿಟ್ರಿ. "ಕೈ ನೋಡಿಕೊಂಡು ನುಡಿಯೋದು" ಈಗಿನ ಗೇಮಲ್ಲಿ ಎಷ್ಟೋ ಪಾಲು ಚೆನ್ನಾಗಿ ಆಗ್ತಿದೆ. 2017ರ ನಿಯರ್ ಆಟೊಮೇಟಾ ಆಡಿ. ಒಂದೇ ಹಾಡು, ನೀವು ಸುಮ್ಮನೆ ಅಡ್ಡಾಡುವಾಗ ಮೆತ್ತಗೆ, ಜಗಳ ಶುರುವಾದ್ರೆ ತಾಳ ಸೇರುತ್ತೆ, ಬೇರೆ ಹೊತ್ತಲ್ಲಿ ಗಾಯನ ಸೇರುತ್ತೆ. ಹ್ಯಾಕಿಂಗ್ ಶುರು ಮಾಡಿದ ಕ್ಷಣ ಅದೇ ಹಾಡು ಅದೇ ಜಾಗದಿಂದ ಹಳೇ ಚಿಪ್ ಸದ್ದಿಗೆ ಬದಲಾಗುತ್ತೆ. ಕೇಇಚಿ ಒಕಾಬೆ ತಂಡದ ಕೆಲಸ. ಮಾರಿಯೋ ಟ್ಯೂನ್ ವೇಗ ಆಗೋದನ್ನ ಇದರ ಪಕ್ಕ ಇಡೋಕಾಗಲ್ಲ.

ಎಂಟುಬಿಟ್_ಮೈಸೂರು
@ಕೋರಮಂಗಲ_ಕನ್ಸೋಲ್ ನಿಯರ್ ನನಗೂ ಇಷ್ಟ, ಆದ್ರೆ ಹಳೇದು ಅಂತ ತಳ್ಳಿಹಾಕಬೇಡ ಗುರು. ಹಳೇ ನಿಂಟೆಂಡೊ ಚಿಪ್‌ನಲ್ಲಿ ಐದೇ ಚಾನೆಲ್, ಅಂದ್ರೆ ಒಂದು ಸಲಕ್ಕೆ ಐದೇ ದನಿ: ಎರಡು ಪಲ್ಸ್, ಒಂದು ಟ್ರಯಾಂಗಲ್, ಒಂದು ನಾಯ್ಸ್, ಒಂದು ಸ್ಯಾಂಪಲ್‌ಗೆ (ಮೊದಲೇ ರೆಕಾರ್ಡ್ ಮಾಡಿದ ತುಣುಕು). ಮಾರಿಯೋ ಜಿಗಿದಾಗ ಬರೋ ಸದ್ದಿಗೂ ಅವುಗಳಲ್ಲೇ ಒಂದು ಬೇಕು. ಅಂದ್ರೆ ನೀನು ಜಿಗಿದಾಗೆಲ್ಲ ಟ್ಯೂನಿನ ಒಂದು ದನಿ ಆ ಹೊತ್ತಿಗೆ ಬಾಯಿ ಮುಚ್ಚುತ್ತೆ! ಇಷ್ಟು ವರ್ಷ ಯಾರಿಗಾದ್ರೂ ಕೊರತೆ ಅನ್ನಿಸಿದೆಯಾ? ಜಿಗಿತದ ಸದ್ದೇ ಹಾಡಿನ ಭಾಗ ಆಗೋ ಹಾಗೆ ಬರೆದಿದ್ದಾರೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಮೊದಲ ಬಾರಿ ಒಂದು ಗೇಮ್ ಸಂಗೀತ ಸೇರಿಸ್ತು. ಅದು ಇದೇ ಟ್ಯೂನ್.

ಕರಾವಳಿ_ಕೀಬೋರ್ಡ್
ಮಾರಾಯ್ರೆ, ಈ ಚರ್ಚೆಯಲ್ಲಿ ಮಂಕಿ ಐಲ್ಯಾಂಡ್ 2 ಬಾರದೆ ಹೇಗೆ? 1991, ಲ್ಯೂಕಸ್‌ಆರ್ಟ್ಸ್. ಮೈಕಲ್ ಲ್ಯಾಂಡ್, ಪೀಟರ್ ಮೆಕಾನೆಲ್ ಇಬ್ಬರು ಸೇರಿ ಐಮ್ಯೂಸ್ ಅಂತ ಒಂದು ವ್ಯವಸ್ಥೆ ಮಾಡಿದ್ರು. ವುಡ್‌ಟಿಕ್ ಅಂತ ಒಂದು ಊರು ಉಂಟು, ಹಳೇ ಹಡಗುಗಳನ್ನು ಸೇರಿಸಿ ಕಟ್ಟಿದ್ದು. ಅಲ್ಲಿ ನೀವು ಒಂದು ಅಂಗಡಿಯ ಒಳಗೆ ಹೊಕ್ಕ ಕೂಡಲೇ ಅದೇ ಮಟ್ಟು ಬೇರೆ ವಾದ್ಯಕ್ಕೆ ಹೋಗ್ತದೆ, ಹೊರಗೆ ಬಂದ್ರೆ ವಾಪಸ್. ಎಲ್ಲಿಯೂ ತುಂಡಾಗುವುದಿಲ್ಲ. ಟ್ಯೂನ್ ಒಂದು ಒಳ್ಳೆಯ ಜಾಗಕ್ಕೆ ಬರುವ ತನಕ ಕಾದು ಆಮೇಲೆ ದಾಟ್ತದೆ.

ನನಗೆ ಇದು ಹೊಸತು ಅಂತ ಅನ್ನಿಸಲೇ ಇಲ್ಲ, ಯಾಕೆ ಗೊತ್ತುಂಟಾ? ನಾನು ಯಕ್ಷಗಾನ ನೋಡಿ ಬೆಳೆದವ. ಭಾಗವತರು ಏನು ಮಾಡ್ತಾರೆ? ವೇಷಧಾರಿಯ ಕುಣಿತ ನೋಡಿಕೊಂಡೇ ಪದ ಎಳೆಯುವುದು. ಅವ ಇನ್ನೂ ಕುಣಿಯುವ ಹುಮ್ಮಸ್ಸಲ್ಲಿ ಇದ್ರೆ ಅದೇ ಸಾಲನ್ನು ಮತ್ತೆ ಹೇಳ್ತಾರೆ, ಚೆಂಡೆಯವ ಏರಿಸ್ತಾನೆ. ಅವ ದಣಿದ ಅಂತ ಕಂಡ್ರೆ ಮುಕ್ತಾಯಕ್ಕೆ ತರ್ತಾರೆ. ಯುದ್ಧದ ಪ್ರಸಂಗದಲ್ಲಿ ಎಷ್ಟು ಹೊತ್ತು ಅಂತ ಯಾರಿಗೂ ಮೊದಲೇ ಗೊತ್ತಿಲ್ಲ. ಎಂಟುಬಿಟ್‌ನವರು ಮೇಲೆ ಹೇಳಿದ್ದು ಇದನ್ನೇ ಅಲ್ವಾ?

ನನ್ನ ಆಸೆ ಒಂದೇ: ಚೆಂಡೆ ಮದ್ದಳೆ ಇಟ್ಟು ಒಂದು ಗೇಮ್ ಬರಬೇಕು. ಬಾಸ್ ಫೈಟ್‌ಗೆ, ಅಂದ್ರೆ ದೊಡ್ಡ ಶತ್ರುವಿನ ಜೊತೆಗಿನ ಕಾಳಗಕ್ಕೆ, ಅದಕ್ಕಿಂತ ಒಳ್ಳೆಯದು ಇಲ್ಲ.

ಹುಬ್ಳಿ_ಹೈಸ್ಕೋರ್
@ಕರಾವಳಿ_ಕೀಬೋರ್ಡ್ ಭಾರಿ ಹೇಳಿದ್ರಿ! ಡೊಳ್ಳನ್ನೂ ಸೇರಸ್ರಿ ಅದಕ್ಕ.

ವಿದ್ವಾನ್_ಅಲ್ಲ
ಭಾಗವತರ ಹೋಲಿಕೆ ಒಪ್ಪಿದೆ. ರಾಗದ ವಿಷಯ ಇನ್ನೂ ಒಪ್ಪಿಲ್ಲ.

ಟೊರಾಂಟೊ_ತುಂಗೆ
ನನ್ನ ಆಯ್ಕೆ ಫೈನಲ್ ಫ್ಯಾಂಟಸಿ 6, 1994, ನೊಬುವೊ ಉಎಮಾತ್ಸು. ಅದರಲ್ಲಿ ಒಂದು ಒಪೆರಾ ದೃಶ್ಯ ಇದೆ. ಸೆಲೆಸ್ ಅನ್ನೋ ಸೇನಾಧಿಕಾರಿ ಹೆಣ್ಣು ಗಾಯಕಿಯ ವೇಷದಲ್ಲಿ ವೇದಿಕೆ ಹತ್ತಬೇಕು. ಹಾಡಿನ ಸಾಲು ಮೊದಲೇ ಓದಿ ನೆನಪಿಟ್ಟುಕೊಂಡು, ಸರಿಯಾದ ಸಾಲನ್ನ ಆಡೋರೇ ಆರಿಸಬೇಕು. ಸೂಪರ್ ನಿಂಟೆಂಡೊದಲ್ಲಿ ಸದ್ದಿಗೆ ಸಿಗ್ತಿದ್ದದ್ದು ಎಂಟು ಚಾನೆಲ್, 64 ಕಿಲೋಬೈಟ್ ಮೆಮೊರಿ. ಮನುಷ್ಯರ ದನಿಯಲ್ಲಿ ಹಾಡಿಸೋ ಮಾತೇ ಇಲ್ಲ. ದನಿಯಂತೆ ಕೇಳೋ ಒಂದು ಸದ್ದು ಮಾಡಿ, ಮಾತನ್ನ ಪರದೆ ಮೇಲೆ ಬರೆದರು. ಹಾಡಿದ್ದು ನಾವು, ಮನಸ್ಸಲ್ಲಿ. ಇವತ್ತು ಪೂರ್ಣ ಆರ್ಕೆಸ್ಟ್ರಾ, ನಿಜವಾದ ಗಾಯಕಿ ಇಟ್ಟು ಹಾಡಿಸಿದ ಆವೃತ್ತಿಗಳಿವೆ, ಅವು ನನ್ನನ್ನ ಅಷ್ಟು ಅಲ್ಲಾಡಿಸಲ್ಲ.

ಇನ್ನೊಂದು ಮಾತು. ಇಲ್ಲಿವರೆಗೆ ಹೇಳಿದ ಹೆಸರೆಲ್ಲ ಗಂಡಸರದ್ದೇ. ಸ್ಟ್ರೀಟ್ ಫೈಟರ್ 2 ಸಂಗೀತದ ಬಹುಪಾಲು ಯೋಕೊ ಶಿಮೊಮುರಾ ಅವರದು, 1991. ಮೊದಲ ಕ್ಯಾಸಲ್‌ವೇನಿಯಾ ಕಿನುಯೊ ಯಮಾಶಿತ. ಮೊದಲ ಮೆಗಾಮ್ಯಾನ್ ಮನಾಮಿ ಮಾತ್ಸುಮಾಎ. ಸಿಂಫನಿ ಆಫ್ ದ ನೈಟ್ ಮಿಚಿರು ಯಮಾನೆ. 2018ರ ಸೆಲೆಸ್ಟ್ ಲೀನಾ ರೇನ್. ಆರ್ಕೇಡ್ ಅಂಗಡಿಗೆ ಹುಡುಗಿಯರನ್ನ ಬಿಡದ ಕಾಲದಲ್ಲೂ ಗೇಮ್ ಸಂಗೀತ ಬರೆದವರಲ್ಲಿ ಹೆಣ್ಣುಮಕ್ಕಳು ಇದ್ದರು. ಇದು ಎಲ್ಲರಿಗೂ ಗೊತ್ತಾಗಬೇಕು.

ಮಲೆನಾಡ_ಮಳೆ
@ಟೊರಾಂಟೊ_ತುಂಗೆ ಥ್ಯಾಂಕ್ಸ್ ಅಕ್ಕಾ, ಯಮಾಶಿತ ಹೆಸರು ನನಗೆ ಹೊಸದು. ಈಗಲೇ ಹುಡುಕ್ತೀನಿ.

ಬೆಣ್ಣೆದೋಸೆ_ಡಿವಿಜಿ
ಸ್ಟ್ರೀಟ್ ಫೈಟರ್ ಅಂದ ತಕ್ಷಣ ಧಾಲ್ಸಿಮ್! ನಮ್ಮ ದೇಶದ ಪಾತ್ರ ಅಂತ ಅವನನ್ನೇ ತಗೋತಿದ್ವಿ, ಹಿಂದೆ ಆನೆಗಳು ಸಾಲಾಗಿ ನಿಂತಿರ್ತಿದ್ವು. ಲೈಫ್ ಕಡಿಮೆ ಆದಾಗ ಮ್ಯೂಸಿಕ್ ಜೋರಾಗಿ ಓಡೋದು ಅದರಲ್ಲೂ ಇದೆ. ಅದರ ಪಕ್ಕದ ಮಿಷನ್ ಮುಸ್ತಫಾ. ಒಂದು ರೂಪಾಯಿ ಕಾಯಿನ್‌ಗೆ ಸಾಲು ನಿಲ್ತಿದ್ವಿ.

ಪ್ಯಾಚ್_ನೋಟ್ಸ್
ಮುಸ್ತಫಾ ಯಾವ ಗೇಮ್?

ಹುಬ್ಳಿ_ಹೈಸ್ಕೋರ್
@ಪ್ಯಾಚ್_ನೋಟ್ಸ್ ತಮ್ಮಾ, ಖರೇ ಹೆಸರು ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್, 1993. ಅದರಾಗ ಹಳದಿ ಟೋಪಿ ಹಾಕ್ಕೊಂಡು ಓಡಿ ಬಂದು ಒದಿಯಾಂವ ಮುಸ್ತಫಾ. ಎಲ್ಲಾರಿಗೂ ಅಂವನ ಬೇಕು, ಅದಕ್ಕ ಗೇಮಿಗೇ ಅಂವನ ಹೆಸರು ಬಿತ್ತು.

ಪ್ಯಾಚ್_ನೋಟ್ಸ್
ಓಕೆ ಅಣ್ಣ. ನಾನು ಬಿಜಿಎಂಐ (ಫೋನಲ್ಲಿ ತಂಡ ಕಟ್ಟಿಕೊಂಡು ಆಡೋ ಶೂಟಿಂಗ್ ಗೇಮ್) ಜನರೇಶನ್. ನಿಜ ಹೇಳಬೇಕು ಅಂದ್ರೆ ನಮ್ಮ ಸ್ಕ್ವಾಡಲ್ಲಿ ಎಲ್ಲರೂ ಮ್ಯೂಸಿಕ್ ಆಫ್ ಮಾಡಿಯೇ ಆಡೋದು. ಹೆಜ್ಜೆ ಸದ್ದು ಕೇಳಬೇಕು, ಎಡಗಡೆ ಬಂದ್ರೋ ಬಲಗಡೆ ಬಂದ್ರೋ ಅಂತ. ಲಾಬಿ ಮ್ಯೂಸಿಕ್ ಮಾತ್ರ ಮನಸ್ಸಲ್ಲಿ ಉಳಿದಿದೆ, ಯಾಕಂದ್ರೆ ಎಲ್ಲ ಫ್ರೆಂಡ್ಸ್ ಆನ್‌ಲೈನ್ ಬರೋವರೆಗೆ ಕಾಯ್ತಾ ಮಾತಾಡಿದ್ದೆಲ್ಲ ಅದರ ಮೇಲೇ.

ಎಂಟುಬಿಟ್_ಮೈಸೂರು
@ಪ್ಯಾಚ್_ನೋಟ್ಸ್ ಹೆಜ್ಜೆ ಸದ್ದಿಗಾಗಿ ಸಂಗೀತ ಬಿಡೋದು ಸರಿಯಾದ ಆಯ್ಕೆನೇ. ಮೌನವೂ ಬೇಕು. ಇಲ್ಲೇ ಶ್ಯಾಡೋ ಆಫ್ ದ ಕೊಲೋಸಸ್ ಬಗ್ಗೆ ಬರೆದುಬಿಡ್ತೀನಿ.

ಆ ಗೇಮಲ್ಲಿ ಶತ್ರುಗಳು ಅಂದ್ರೆ 16 ದೈತ್ಯರು ಮಾತ್ರ. ಬೇರೆ ಯಾರೂ ಇಲ್ಲ. ಒಬ್ಬ ದೈತ್ಯನಿಂದ ಇನ್ನೊಬ್ಬನ ಹತ್ತಿರ ಕುದುರೆ ಮೇಲೆ ಹೋಗುವಾಗ ಸಂಗೀತ ಇಲ್ಲ. ಗಾಳಿ, ಗೊರಸಿನ ಸದ್ದು. ದೈತ್ಯ ಎದುರಾದಾಗ ಭಯದ ಸಂಗೀತ. ನೀವು ಅವನ ಮೈಮೇಲೆ ಹತ್ತಿ ಕೂದಲು ಹಿಡಿದುಕೊಂಡು ಮೇಲುಗೈ ಸಾಧಿಸಿದಾಗ ಅದು ವೀರಸಂಗೀತಕ್ಕೆ ತಿರುಗುತ್ತೆ. ಕೊಂದಮೇಲೆ? ಗೆಲುವಿನ ಕಹಳೆ ಬರುತ್ತೆ ಅಂದುಕೊಂಡ್ರೆ ಶೋಕದ ಹಾಡು. ನೀನು ಮಾಡಿದ್ದು ಸರಿನಾ ಅಂತ ಗೇಮ್ ಬಾಯಿಬಿಟ್ಟು ಎಲ್ಲೂ ಕೇಳಲ್ಲ, ಸಂಗೀತ ಕೇಳುತ್ತೆ. ನಾನು ಗೆದ್ದೂ ಕಂಟ್ರೋಲರ್ ಕೆಳಗಿಟ್ಟು ಕೂತ ಗೇಮ್ ಅದೊಂದೇ.

ಕೋರಮಂಗಲ_ಕನ್ಸೋಲ್
ಇದಕ್ಕೆ ಮಾತ್ರ ಎದುರು ಹೇಳಲ್ಲ. 👏 ಆದ್ರೆ 2017ರ ಝೆಲ್ಡಾ ಬ್ರೆತ್ ಆಫ್ ದ ವೈಲ್ಡ್ ಕೂಡ ಇದೇ ಸಾಲಿಗೆ ಬರುತ್ತೆ. ದೊಡ್ಡ ಬಯಲು, ಅಲ್ಲೊಂದು ಇಲ್ಲೊಂದು ಪಿಯಾನೊ ಸ್ವರ.

ಬೆಣ್ಣೆದೋಸೆ_ಡಿವಿಜಿ
ಬ್ರೆತ್ ಆಫ್ ದ ವೈಲ್ಡ್ ಸಂಗೀತ ನನಗೆ ಬೋರು. ಝೆಲ್ಡಾ ಅಂದ್ರೆ ಬಯಲಲ್ಲಿ ಓಡೋವಾಗ ಆ ಮುಖ್ಯ ಟ್ಯೂನ್ ಬರಲೇಬೇಕು.

ಕೋರಮಂಗಲ_ಕನ್ಸೋಲ್
@ಬೆಣ್ಣೆದೋಸೆ_ಡಿವಿಜಿ ನೂರಾರು ಗಂಟೆ ಆಡೋ ಗೇಮಲ್ಲಿ ಅದೇ ಟ್ಯೂನ್ ಸುತ್ತಿಸಿದ್ರೆ ಮೂರನೇ ದಿನ ನೀವೇ ಮ್ಯೂಟ್ ಮಾಡ್ತೀರ.

ಅಮ್ಮ_ಪ್ಲೇಯರ್2
ನಾನು ಗೇಮ್ ಆಡೋಕೆ ಶುರು ಮಾಡಿದ್ದೇ ಮಗಳ ಜೊತೆ. ಮೈನ್‌ಕ್ರಾಫ್ಟ್. ಅದರಲ್ಲಿ ಸಂಗೀತ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಎಷ್ಟೋ ಹೊತ್ತು ಏನೂ ಇಲ್ಲ, ಮನೆ ಕಟ್ತಾ ಇರ್ತೀವಿ, ತಟ್ಟಂತ ಎಲ್ಲಿಂದಲೋ ಪಿಯಾನೊ. "ಅಮ್ಮಾ ಬಂತು!" ಅಂತಾಳೆ ಅವಳು, ಇಬ್ಬರೂ ಕೆಲಸ ನಿಲ್ಲಿಸಿ ಕೇಳ್ತೀವಿ. ಮಾಡಿದವರು ಸಿ418 ಅನ್ನೋ ಹೆಸರಿನ ಡೇನಿಯಲ್ ರೋಸೆನ್‌ಫೆಲ್ಡ್ ಅಂತೆ. ಮೇಲೆ ಹೇಳಿದ ಆ ಅಮೆರಿಕದ ಪಟ್ಟಿಗೆ 2025ರಲ್ಲಿ ಈ ಆಲ್ಬಮ್ಮೂ ಸೇರಿದೆ.

ಮಲೆನಾಡ_ಮಳೆ
ಏಜ್ ಆಫ್ ಎಂಪೈರ್ಸ್ 2 ಯಾರೂ ತೆಗೀಲೇ ಇಲ್ವಲ್ಲ! 1999, ಸ್ಟೀಫನ್ ರಿಪ್ಪಿ. ಹಾಸ್ಟೆಲಲ್ಲಿ ಲ್ಯಾನ್ ಹಾಕ್ಕೊಂಡು ಆಡ್ತಿದ್ವಿ. ಸಂಗೀತಕ್ಕಿಂತ ಹೆಚ್ಚು ನೆನಪಿರೋದು ಚಾಟಲ್ಲಿ 11 ಒತ್ತಿದ್ರೆ ಬರೋ ಆ ನಗು, 30 ಒತ್ತಿದ್ರೆ ವೊಲೊಲೊ ಅನ್ನೋ ಕೂಗು.

ರಾತ್ರಿಪಾಳಿ
14! ಇನ್ನೂ ಗೇಮ್ ಶುರು ಮಾಡ್ರೋ ಅಂತ. ನಮ್ಮ ಆಫೀಸ್ ಗುಂಪಲ್ಲಿ ಮೀಟಿಂಗ್ ತಡ ಆದ್ರೆ ಈಗಲೂ ಬರೀ 14 ಅಂತ ಮೆಸೇಜ್ ಹಾಕ್ತೀವಿ.

ಮಲೆನಾಡ_ಮಳೆ
😂 2022ರಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಅಂತ ಹೊಸ ಭಾಗ ಬಂತು, ದ್ರವಿಡಿಯನ್ಸ್ ಅಂತ ಒಂದು ನಾಗರಿಕತೆ ಸೇರಿಸಿದ್ರು, ರಾಜೇಂದ್ರ ಚೋಳನ ಕ್ಯಾಂಪೇನ್ (ಅವನ ಕಥೆಯನ್ನ ಆಡೋ ಭಾಗ) ಕೊಟ್ರು. ಸಂತೋಷ. ಆದ್ರೆ ವಿಜಯನಗರಕ್ಕೆ ಅಂತಲೇ ಒಂದು ಪೂರ್ತಿ ಕ್ಯಾಂಪೇನ್ ಬೇಕು ನನಗೆ. ಹಂಪಿ ಮ್ಯಾಪ್ ಯೋಚನೆ ಮಾಡಿ!

ಕರಾವಳಿ_ಕೀಬೋರ್ಡ್
ನಮ್ಮ ದೇಶದ ಗೇಮ್ ಅಂದ್ರೆ ರಾಜಿ ಆಡಿ. 2020, ಪುಣೆಯ ನಾಡಿಂಗ್ ಹೆಡ್ಸ್. ಕಥೆ ಹೇಳುವ ದೃಶ್ಯಗಳನ್ನು ತೊಗಲುಗೊಂಬೆಯಾಟದ ಹಾಗೆ ಮಾಡಿದ್ದಾರೆ, ನೋಡ್ಲಿಕ್ಕೆ ಬಹಳ ಚಂದ. ಸಂಗೀತ ಗ್ರೀಸಿನ ಲಿನೋಸ್ ಟ್ಸೆಲೋಸ್ ಅವರದು. ಚೆನ್ನಾಗಿಯೇ ಉಂಟು, ಆದ್ರೆ ನಮ್ಮವರೇ ಒಬ್ಬರು ಮಾಡಬೇಕಿತ್ತು ಅಂತ ನನಗೆ ಅನ್ನಿಸಿದ್ದು ಹೌದು.

ಗಾಂಧಾರ_ಬಸವನಗುಡಿ
ಯಾರು ಮಾಡಿದ್ರೇನು, ಕೇಳಿ ಕಲಿತು ಮಾಡಿದ್ರೆ ಸಾಕು. ಕ್ರಿಸ್ಟೋಫರ್ ಟಿನ್ ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯವರಲ್ಲ, ಆದ್ರೆ ಸಿವಿಲೈಸೇಶನ್ 4 ಗೇಮಿನ ಮೆನುವಿನಲ್ಲಿ ಬರೋ ಅವರ ಬಾಬಾ ಯೇತು ಹಾಡು ಸ್ವಾಹಿಲಿ ಪ್ರಾರ್ಥನೆ. ಆ ಹಾಡು ಮುಗಿಯೋವರೆಗೆ ನಾನು ಗೇಮೇ ಶುರು ಮಾಡ್ತಿರಲಿಲ್ಲ.

ಪ್ಯಾಚ್_ನೋಟ್ಸ್
ಗೇಮ್ ಮ್ಯೂಸಿಕ್‌ಗೆ ಮೊದಲ ಗ್ರ್ಯಾಮಿ 2023ರಲ್ಲಿ ಬಂತಲ್ವಾ, ಅಸಾಸಿನ್ಸ್ ಕ್ರೀಡ್‌ಗೆ?

ಗಾಂಧಾರ_ಬಸವನಗುಡಿ
@ಪ್ಯಾಚ್_ನೋಟ್ಸ್ 2023ರದ್ದು ಗೇಮ್ ಸಂಗೀತಕ್ಕೇ ಅಂತ ಪ್ರತ್ಯೇಕ ವಿಭಾಗ ಶುರುವಾದ ವರ್ಷ, ಗೆದ್ದವರು ಸ್ಟೆಫನಿ ಎಕೊನೊಮೌ. ಅದಕ್ಕೂ ಮೊದಲು, 2011ರಲ್ಲೇ ಬಾಬಾ ಯೇತು ಗ್ರ್ಯಾಮಿ ಗೆದ್ದಿತ್ತು. ನಡುವೆ 2012ರ ಜರ್ನಿ ಗೇಮಿನ ಆಸ್ಟಿನ್ ವಿಂಟೊರಿ ಸಿನಿಮಾಗಳ ಜೊತೆ ಒಂದೇ ವಿಭಾಗದಲ್ಲಿ ನಾಮನಿರ್ದೇಶನ ಪಡೆದರು, ಪ್ರಶಸ್ತಿ ಬರಲಿಲ್ಲ.

ಟೊರಾಂಟೊ_ತುಂಗೆ
ಗ್ರ್ಯಾಮಿಗಿಂತ ನನಗೆ ದೊಡ್ಡದು ಅನ್ನಿಸಿದ್ದು ಟೋಕಿಯೊ ಒಲಿಂಪಿಕ್ಸ್. 2021ರ ಉದ್ಘಾಟನೆಯಲ್ಲಿ ದೇಶ ದೇಶದ ಕ್ರೀಡಾಪಟುಗಳು ನಡೆದು ಬಂದದ್ದು ಗೇಮ್ ಸಂಗೀತಕ್ಕೆ, ಡ್ರ್ಯಾಗನ್ ಕ್ವೆಸ್ಟ್‌ನಿಂದ ಶುರು. ಫೈನಲ್ ಫ್ಯಾಂಟಸಿ ಬಂದಾಗ ನಾನು ಅಳ್ತಾ ಕೂತಿದ್ದೆ, ನಮ್ಮ ಯಜಮಾನರಿಗೆ ಏನಾಯ್ತು ಅಂತ ಗಾಬರಿ.

ಅಂದಹಾಗೆ ಕ್ರೋನೋ ಟ್ರಿಗರ್ ಹೇಳದೆ ಈ ಚರ್ಚೆ ಮುಗಿಸಬೇಡಿ. 1995, ಯಾಸುನೊರಿ ಮಿತ್ಸುದಾ. ಸ್ಕ್ವೇರ್ ಕಂಪನಿಯಲ್ಲಿ ಸೌಂಡ್ ಎಫೆಕ್ಟ್ ಮಾಡ್ತಿದ್ದ ಹುಡುಗ, ಸಂಗೀತ ಬರೆಯೋಕೆ ಕೊಡದಿದ್ರೆ ಕೆಲಸ ಬಿಡ್ತೀನಿ ಅಂದ. ಕೊಟ್ಟರು. ಹಗಲು ರಾತ್ರಿ ಮಾಡಿ ಹೊಟ್ಟೆ ಹುಣ್ಣಾಗಿ ಮಲಗಿದಾಗ ಉಳಿದದ್ದನ್ನ ಉಎಮಾತ್ಸು ಮುಗಿಸಿಕೊಟ್ಟರು. ಕ್ರಿ.ಪೂ. 12000ದ ತೇಲುವ ಝೀಲ್ ರಾಜ್ಯಕ್ಕೆ ಕಾಲಿಟ್ಟಾಗ ಬರೋ ಸಂಗೀತ ನಾನು ಕೇಳಿದ್ದರಲ್ಲೆಲ್ಲ ಸುಂದರ.

ಹುಬ್ಳಿ_ಹೈಸ್ಕೋರ್
ಇಷ್ಟ ಮಂದಿ ಇಷ್ಟ ಹೇಳಿದ ಮ್ಯಾಲ ಆಡಲೇಬೇಕು. ಈ ಕ್ರೋನೋ ಟ್ರಿಗರ್ ಈಗ ಎಲ್ಲಿ ಸಿಗತದ್ರೀ? ಕ್ಯಾಸೆಟ್ ಹುಡುಕಾಕ ಆಗಂಗಿಲ್ಲ.

ಟೊರಾಂಟೊ_ತುಂಗೆ
@ಹುಬ್ಳಿ_ಹೈಸ್ಕೋರ್ ಫೋನಲ್ಲೇ ಸಿಗುತ್ತೆ, ಆಂಡ್ರಾಯ್ಡ್, ಐಫೋನ್ ಎರಡರಲ್ಲೂ. ಕಂಪ್ಯೂಟರ್ ಇದ್ರೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ತಗೊಳ್ಳಿ, ಕಂಟ್ರೋಲರ್ ಹಿಡಿದು ಆಡೋದು ಚೆನ್ನ. ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಊರ ಜಾತ್ರೆಯಲ್ಲಿ ಅವಸರ ಮಾಡಬೇಡಿ, ಅಲ್ಲಿ ನೀವು ಮಾಡಿದ್ದೆಲ್ಲ ಮುಂದೆ ಕೋರ್ಟಲ್ಲಿ ಬರುತ್ತೆ.

ಹುಬ್ಳಿ_ಹೈಸ್ಕೋರ್
ಕೋರ್ಟಿನ್ಯಾಗಾ?! ಆತು ತಂಗಿ, ಇವತ್ತ ರಾತ್ರಿ ಶುರು ಮಾಡ್ತೀನಿ. ಅಣ್ಣಗೂ ಫೋನ್ ಹಚ್ಚಿ ಹೇಳ್ತೀನಿ.